ಅತ್ತೆ ಸೋಸುತ್ತಿದ್ದ ನೀರು

ನಾನು ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದಾಗ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಿತ್ತು. ಕನ್ನಡ ನಾಡು ಒಂದಾಗಬೇಕೆಂದು ಗಂಡಸರು ಕಟ್ಟೆಯ ಮೇಲೆ ಕೂತು ಗಂಟಲು ಹರಿದುಕೊಳ್ಳುತ್ತಿದ್ದರು. ನೀರು ತರುವ ಕೆಲಸ ಮಾತ್ರ ಯಾವ ಸರಕಾರ ಬಂದರೂ ಹೆಂಗಸರದ್ದೇ.

ಜೈನರ ಮನೆಗಳಲ್ಲಿ ಸೋಸದ ನೀರು ಕುಡಿಯುವುದಿಲ್ಲ. ನನ್ನ ತವರಲ್ಲೂ ಸೋಸುತ್ತಿದ್ದರು, ಆದರೆ ಅತ್ತೆಯಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯಬಾರದೆಂದು, ಸೋಸಿದ ಬಟ್ಟೆಯನ್ನು ಅವರು ಮತ್ತೆ ಮೆಟ್ಟಿಲಬಾವಿಗಿಳಿದು ಅದೇ ನೀರಿನಲ್ಲಿ ಜಾಲಿಸಿ ಬರುತ್ತಿದ್ದರು. ಬಿಸಿಲಲ್ಲಿ ಆ ಮೆಟ್ಟಿಲು ಹತ್ತಿ ಇಳಿದು ನನಗೆ ಸಾಕಾಗಿತ್ತು.

“ಇಲ್ಲೇ ಹಿತ್ತಲದಾಗ ಚೆಲ್ಲಿದ್ರ ಆಗೂದಿಲ್ಲೇನ್ರಿ ಅತ್ತಿ?” ಎಂದೆ ಒಮ್ಮೆ.

“ನಿನ್ನ ಮನಿ ಬಿಡಿಸಿ ಬಿಸಲಾಗ ಒಗದ್ರ ನಿನಗ ಹೆಂಗಾಕೈತಿ?”

ನಾನು ಬಟ್ಟೆ ಹಿಡಿದು ಮೆಟ್ಟಿಲು ಇಳಿದೆ.

ಬಾವಿ ನಮ್ಮ ಮನೆಯ ಹಿರಿಯರು ಕಟ್ಟಿಸಿದ್ದು, ಓಣಿಗೆಲ್ಲ ಅದೇ ನೀರು. ಎದುರು ಮನೆಯ ಒಕ್ಕಲಗಿತ್ತಿ ಅತ್ತೆಯ ಜೀವದ ಗೆಳತಿ. ಗಂಡ ತೀರಿಕೊಂಡ ಮೇಲೆ ಹೊಲವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಬೇಸಿಗೆ ಬಂತೆಂದರೆ ಅವಳ ಕಾಲಲ್ಲಿ ನಾರುಹುಣ್ಣು ಏಳುತ್ತಿತ್ತು. ಹುಣ್ಣಿನಿಂದ ಹೊರಬರುವ ದಾರದಂಥ ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಳೆಯಬೇಕು, ನಡುವೆ ಹರಿದರೆ ಕಾಲೆಲ್ಲ ಬಾತುಕೊಳ್ಳುತ್ತದೆ. ಆ ವರ್ಷ ಮೊಣಕಾಲ ಹತ್ತಿರವೇ ಎದ್ದು, ಮಳೆ ಬಿದ್ದರೂ ಅವಳಿಗೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. “ಇನ್ನೊಂದು ಸಲ ಹಿಂಗಾದ್ರ ನಾ ಕುಂಟಿ ಆಗಿ ಮೂಲಿ ಹಿಡೀತೀನ್ರಿ ಅಕ್ಕಾರ,” ಎಂದು ಅತ್ತೆಯ ಕೈ ಹಿಡಿದು ಅತ್ತಳು.

ಅದೇ ದಿನಗಳಲ್ಲಿ ನಾರುಹುಣ್ಣಿನ ಮೂಲ ಹುಡುಕುತ್ತ ಹರೆಯದ ಡಾಕ್ಟರೊಬ್ಬರು ಊರಿಗೆ ಬಂದರು. ನಮ್ಮ ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಅತ್ತೆ ನೀರು ಸೋಸಿದ ಬಟ್ಟೆಯಿಂದಲೇ ಒಂದು ಹನಿ ಹಿಂಡಿ ತೋರಿಸಿದರು. ಅತ್ತೆ ಒಂದು ಕಣ್ಣು ಮುಚ್ಚಿ ಬಗ್ಗಿದವರು ಮುಖ ಅರಳಿಸಿದರು. “ಅಯ್ಯ, ಹೆಂಗ ಆಡಾಕ ಹತ್ಯಾವ ನೋಡ!” ಜನ್ಮವಿಡೀ ಕಾಪಾಡಿದ ಜೀವಗಳನ್ನು ಅಷ್ಟು ದೊಡ್ಡದಾಗಿ ಅವರು ಕಂಡದ್ದು ಅಂದೇ.

“ಅದರ ಹೊಟ್ಟಿಯೊಳಗ ನೋಡ್ರಿ ಅವ್ವಾರ,” ಎಂದರು ಡಾಕ್ಟರು. “ಸುತಗೊಂಡು ಮಲಗಿದ್ದು ನಾರಿನ ಮರಿ. ಹುಣ್ಣಿನ ಕಾಲು ನೀರಿಗಿಟ್ರ ಮರಿ ಬಾವಿಗೆ ಬೀಳ್ತಾವು. ಅವನ್ನ ಈ ಜೀವ ತಿಂತೈತಿ. ಈ ನೀರು ಸೋಸಲಾರದ ಕುಡದವರಿಗೆ ಮುಂದಿನ ವರ್ಷ ನಾರು.”

ಅತ್ತೆ ಮತ್ತೆ ಬಗ್ಗಿ ನೋಡಿದರು. ಎದ್ದಾಗ ಮುಖದಲ್ಲಿ ನಗು ಉಳಿದಿರಲಿಲ್ಲ.

ಎಲ್ಲರೂ ಸೋಸಿ ಕುಡಿದರೆ ಸಾಕಲ್ಲವೇ ಎಂದು ಅವರು ಕೇಳಿದರು. ಬೊಗಸೆಯಲ್ಲಿ ಕುಡಿಯುವ ಮಕ್ಕಳನ್ನು ಯಾರು ಕಾಯುತ್ತಾರೆ ಎಂದರು ಡಾಕ್ಟರು. ಬಾವಿಗೆ ಔಷಧದ ಪುಡಿ ಹಾಕಬೇಕು, ಯಾರೂ ನೀರಿಗೆ ಕಾಲಿಡದಂತೆ ಮೇಲೆ ಗಡಗಡಿ ಕಟ್ಟಿ ಹಗ್ಗದಲ್ಲಿ ಸೇದಬೇಕು. ಅದಕ್ಕೆ ಮನೆಯವರ ಒಪ್ಪಿಗೆ ಬೇಕಿತ್ತು. ಮಾವ ಎಂದಿನಂತೆ ಅತ್ತೆಯ ಮುಖ ನೋಡಿದರು.

“ಪುಡಿ ಹಾಕಿದ್ರ ಇವೆಲ್ಲಾ ಸಾಯ್ತಾವೇನು ತಮ್ಮಾ?”

“ಹೌದ್ರಿ.”

ಅತ್ತೆ ಎದುರು ಮನೆಯ ಬಾಗಿಲ ಕಡೆ ನೋಡಿದರು. “ಹಾಕ್ರಿ,” ಎಂದವರೇ ಒಳಗೆ ಹೋದರು. ಆ ದಿನ ಹನಿ ನೀರನ್ನೂ ಮುಟ್ಟಲಿಲ್ಲ.

ಸುದ್ದಿ ತಿಳಿದು ಗೆಳತಿ ಕೋಲೂರಿಕೊಂಡು ಬಂದಳು. “ನನ್ನ ಸಲುವಾಗಿ ಪಾಪ ಕಟ್ಟಿಕೊಂಡ್ರಿ ಅಕ್ಕಾರ.”

“ಕಟ್ಟಿಕೊಂಡೆ. ನೀ ಮೊದಲ ನೆಟ್ಟಗ ನಡಿಯಾಕ ಕಲಿ,” ಎಂದು ಗದರಿದರು ಅತ್ತೆ.

ಮರುವರ್ಷ ಬೇಸಿಗೆಯಲ್ಲೂ ಅವಳಿಗೆ ನಾರು ಎದ್ದಿತು, ಹಿಂದೆ ಕುಡಿದ ನೀರಿನದು. ಅದರ ಮುಂದಿನ ಬೇಸಿಗೆ ಏನೂ ಏಳಲಿಲ್ಲ. ಮುಂಗಾರಿಗೆ ಅವಳು ಕೂರಿಗೆಯ ಹಿಂದೆ ಬೀಜ ಬಿಡುತ್ತ ನಡೆದದ್ದನ್ನು ಅತ್ತೆ ಹೊಲದವರೆಗೆ ಹೋಗಿ ನೋಡಿ ಬಂದರು. ನಾನು ಸಂಭ್ರಮದಿಂದ ಹೋಳಿಗೆ ಮಾಡಿದ್ದೆ. ಅವರು ತಟ್ಟೆ ಸರಿಸಿದರು.

“ಇವತ್ಯಾಕ್ರಿ ಉಪವಾಸ?”

“ನನಗ ಭಾಳ ಖುಷಿ ಆಗೇತಿ,” ಎಂದರು ಅತ್ತೆ. “ಅಷ್ಟು ಜೀವ ಸತ್ತದ್ದಕ್ಕ ಖುಷಿ ಪಡಬಾರದಲ್ಲ.”