‘ತಕ್ಷಣ ನಿಲ್ಲಿಸಬೇಕಿತ್ತು, ಅಕ್ಕ’

ಮೇಸ್ತ್ರಿಯ ಗ್ಯಾರೇಜಿಗೂ ನನ್ನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಅವನು ಸ್ಪ್ಯಾನರ್ ಬೀಳಿಸಿದರೆ ನನ್ನ ಕಪಾಟಿನ ಬಲ್ಬುಗಳು ಅಲುಗುತ್ತವೆ. ನಾನು ಮಾರುವುದು ಗಾಡಿಗಳ ಬಿಡಿಭಾಗ, ಅವನು ಮಾಡುವುದು ರಿಪೇರಿ. ಇಪ್ಪತ್ತಾರು ವರ್ಷಗಳಿಂದ ಒಬ್ಬರಿಂದಾಗಿ ಇನ್ನೊಬ್ಬರ ಹೊಟ್ಟೆ ತುಂಬುತ್ತ ಬಂದಿದೆ. ಅವನು ನನ್ನನ್ನು ‘ಸಾಹುಕಾರ’ ಎಂದು ಕರೆಯುತ್ತಾನೆ. ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತ ದಿನ ಇನ್ನೂ ಗಟ್ಟಿಯಾಗಿ ಕರೆಯುತ್ತಾನೆ.

ಕೆಲಸದಲ್ಲಿ ಅವನು ನಿಸ್ಸೀಮ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು ಅನ್ನುವುದೇ ತೊಂದರೆ. ಗಾಡಿ ಗೇಟಿನೊಳಗೆ ಬರುವಷ್ಟರಲ್ಲೇ ಸದ್ದು ಕೇಳಿ ‘ಮೂರನೇ ಪ್ಲಗ್ ಹೋಗಿದೆ’ ಅನ್ನುತ್ತಿದ್ದ. ಬಾನೆಟ್ ಎತ್ತಿ ನೋಡಿದರೆ ಹಾಗೆಯೇ ಇರುತ್ತಿತ್ತು. ಬೇರೆ ಮೆಕ್ಯಾನಿಕ್‌ಗಳ ಮಾತು ಬಂದರೆ, ‘ಅವನ ಕೈಗೆ ಗಾಡಿ ಕೊಡೋದಕ್ಕಿಂತ ಕೆರೆಗೆ ತಳ್ಳಿ ಬನ್ನಿ, ಖರ್ಚಾದರೂ ಉಳಿಯುತ್ತೆ’ ಎಂದು ನಗುತ್ತಿದ್ದ. ಕೇಳಿದವರೂ ನಗುತ್ತಿದ್ದರು.

ಐವತ್ತು ದಾಟಿದ ಮೇಲೆ ಅವನಿಗೆ ಹತ್ತಿರದ್ದು ಮಸುಕಾಗತೊಡಗಿತು. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಬೇಕಾದಾಗ ನನ್ನ ಕಡೆ ಚಾಚಿ, ‘ಕೈಗೆ ಎಣ್ಣೆ ಹತ್ತಿದೆ, ನಂಬರ್ ಓದು ಸಾಹುಕಾರ’ ಅನ್ನುತ್ತಿದ್ದ. ಕೈ ಒಣಗಿದ್ದ ದಿನವೂ ಹಾಗೇ ಅನ್ನುತ್ತಿದ್ದ. ಒಮ್ಮೆ ಕನ್ನಡಕದ ಮಾತೆತ್ತಿದೆ. ‘ಎಂಜಿನ್ ನೋಡೋಕೆ ಕಣ್ಣೇ ಬೇಕಾ? ಬೆರಳು ಸಾಕು,’ ಅಂದ. ನಾನು ನಂಬರ್ ಓದಿಕೊಟ್ಟೆ.

ಅವನಿಗೆ ಒಬ್ಬಳೇ ಅಕ್ಕ, ನಾಲ್ಕು ವರ್ಷ ದೊಡ್ಡವಳು. ಭಾವ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸದಲ್ಲಿದ್ದರು. ಬೆನ್ನಿನ ಆಪರೇಷನ್ ಆದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಕೂರಲಾಗದೆ ಮನೆ ಹಿಡಿದರು. ಆಗ ಅಕ್ಕ ನಲವತ್ತೇಳನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಭಾವ ಅಡ್ಡಬಾಯಿ ಹಾಕಿದರು, ಓರಗಿತ್ತಿಯರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಬೆನ್ನಿಗೆ ನಿಂತವನು ತಮ್ಮನೊಬ್ಬನೇ. ಹಳೆಯ ವ್ಯಾನೊಂದನ್ನು ಹುಡುಕಿ ತಂದು, ಎರಡು ತಿಂಗಳು ಕೂತು ಸರಿಮಾಡಿಕೊಟ್ಟ. ಅಕ್ಕ ಅದರಲ್ಲಿ ಏಳು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ಹಿಡಿದಳು. ನನ್ನ ಮೊಮ್ಮಗಳೂ ಆ ಏಳರಲ್ಲಿ ಒಬ್ಬಳು. ಅಕ್ಕ ಓಡಿಸುವ ರೀತಿಗೆ ವ್ಯಾನಿನಲ್ಲಿ ತುಂಬಿದ ಲೋಟ ಇಟ್ಟರೂ ಚೆಲ್ಲುತ್ತಿರಲಿಲ್ಲ. ತಮ್ಮ ಹೇಳಿದ ದಿನಕ್ಕೆ, ಒಂದು ದಿನ ಹಿಂದುಮುಂದಾಗದೆ, ಎಣ್ಣೆ ಬದಲಿಸಲು ಗಾಡಿ ತಂದು ನಿಲ್ಲಿಸುತ್ತಿದ್ದಳು.

ಆ ಶನಿವಾರವೂ ಹಾಗೇ ತಂದಳು. ಹೊಸ ಫಿಲ್ಟರ್ ನನ್ನ ಅಂಗಡಿಯಿಂದಲೇ ಹೋಯಿತು. ಗ್ಯಾರೇಜಿನಲ್ಲಿ ಆಗ ಬೇರೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅವರಲ್ಲೊಬ್ಬ, ‘ನನ್ನ ಗಾಡಿಗೆ ಎಣ್ಣೆ ಬದಲಿಸೋಕೆ ಆ ದೊಡ್ಡ ಶೋರೂಮಲ್ಲಿ ಅರ್ಧ ದಿನ ಕೂರಿಸಿದ್ರು ಮೇಸ್ತ್ರಿ’ ಅಂದ. ಮೇಸ್ತ್ರಿಗೆ ಅಷ್ಟು ಸಾಕಾಯಿತು. ‘ಅರ್ಧ ದಿನಾನಾ? ಗಡಿಯಾರ ನೋಡ್ತಾ ಇರಿ,’ ಎಂದವನೇ ವ್ಯಾನಿನ ಕೆಳಗಿನ ಗುಂಡಿಗೆ ಇಳಿದ. ಹಳೇ ಎಣ್ಣೆ ಇಳಿಸಿ, ಹಳೇ ಫಿಲ್ಟರ್ ಬಿಚ್ಚಿ, ಹೊಸದು ತಿರುಗಿಸಿ, ಹೊಸ ಎಣ್ಣೆ ಸುರಿದು ಹನ್ನೆರಡು ನಿಮಿಷಕ್ಕೆ ಮೇಲೆ ಬಂದ. ಗಿರಾಕಿಗಳು ಚಪ್ಪಾಳೆ ತಟ್ಟಿದ್ದು ನನ್ನ ಅಂಗಡಿಗೂ ಕೇಳಿಸಿತು.

ಎಣ್ಣೆಯ ಫಿಲ್ಟರಿನ ಬಾಯಿಗೆ ಒಂದು ರಬ್ಬರ್ ಉಂಗುರ ಇರುತ್ತದೆ. ಹಳೆಯದನ್ನು ಬಿಚ್ಚುವಾಗ ಒಮ್ಮೊಮ್ಮೆ ಆ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದುಬಿಡುತ್ತದೆ. ಅದನ್ನು ಕಿತ್ತು, ಜಾಗ ಒರೆಸಿ, ಆಮೇಲೆ ಹೊಸ ಫಿಲ್ಟರ್ ಕೂರಿಸಬೇಕು. ಉಂಗುರದ ಮೇಲೆ ಉಂಗುರ ಕೂತರೆ ಒಂದೆರಡು ದಿನ ಹೇಗೋ ತಡೆಯುತ್ತದೆ. ಆಮೇಲೆ ಒತ್ತಡಕ್ಕೆ ಜಾರಿ, ಎಣ್ಣೆಯೆಲ್ಲ ನಿಮಿಷದೊಳಗೆ ರಸ್ತೆಪಾಲಾಗುತ್ತದೆ. ಈ ಕಸುಬಿಗೆ ಬಂದವರು ಮೊದಲ ವಾರದಲ್ಲೇ ಕಲಿಯುವ ಸಂಗತಿ ಇದು. ಕಪ್ಪು ಎಂಜಿನ್ನಿಗೆ ಅಂಟಿದ್ದ ಕಪ್ಪು ಉಂಗುರ ಅವನ ಕಣ್ಣಿಗೆ ಬೀಳಲಿಲ್ಲ. ಸಾಕು ಎಂದಿದ್ದ ಬೆರಳನ್ನೂ ಆ ದಿನ ಅವನು ಆಡಿಸಲಿಲ್ಲ.

ಸೋಮವಾರ ಬೆಳಿಗ್ಗೆ ಸೇತುವೆಯ ಆಚೆ ವ್ಯಾನು ನಿಂತುಹೋಯಿತು. ಒಳಗೆ ಏಳೂ ಮಕ್ಕಳಿದ್ದವು. ಅಕ್ಕ ಅವರನ್ನು ಇಳಿಸಿ, ಒಬ್ಬರ ಕೈ ಒಬ್ಬರಿಗೆ ಹಿಡಿಸಿ, ಫುಟ್‌ಪಾತಿನ ಮೇಲೆ ಸಾಲಾಗಿ ನಡೆಸಿಕೊಂಡು ಹೋಗಿ ಶಾಲೆ ಮುಟ್ಟಿಸಿದಳು. ಆಮೇಲೆ ತಮ್ಮನಿಗೆ ಫೋನ್ ಮಾಡಿದಳು.

ಸೇತುವೆಯ ಈ ತುದಿಯಿಂದಲೇ ರಸ್ತೆಯ ಮೇಲೆ ಎಣ್ಣೆಯ ಗೆರೆ ಎಳೆದಿತ್ತಂತೆ. ಅವನು ಆ ಗೆರೆ ಹಿಡಿದೇ ಗಾಡಿಯವರೆಗೆ ನಡೆದನಂತೆ. ಟಾರ್ಚ್ ಹಿಡಿದು ಕೆಳಗೆ ತೆವಳಿದ. ಫಿಲ್ಟರಿನ ಅಂಚಿನಲ್ಲಿ ರಬ್ಬರ್ ನಾಲಿಗೆಯಂತೆ ಹೊರಗೆ ಇಳಿಬಿದ್ದಿತ್ತು. ಬಿಚ್ಚಿದ. ಉಂಗುರ ಎರಡಿದ್ದವು. ಎರಡನ್ನೂ ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಮೇಲೆ ಬಂದ.

ಅಕ್ಕ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು. ‘ನಾನೇನಾದ್ರೂ ತಪ್ಪು ಮಾಡಿದ್ನೇನೋ?’

‘ಎಣ್ಣೆಯ ಕೆಂಪು ದೀಪ ಹತ್ತಿತ್ತಾ?’

‘ಹತ್ತಿತ್ತು ಕಣೋ. ಸೇತುವೆ ಮಧ್ಯದಲ್ಲಿ. ಹಿಂದೆ ಲಾರಿ ಬರ್ತಿತ್ತು, ಒಳಗೆ ಮಕ್ಕಳು. ಅಲ್ಲಿ ಹೇಗೆ ನಿಲ್ಲಿಸಲಿ? ದಾಟಿ ಪಕ್ಕಕ್ಕೆ ಹಾಕೋಣ ಅಂತ...’

ಸರಿಯಾಗಿಯೇ ಮಾಡಿದ್ದಳು. ಮಕ್ಕಳನ್ನು ಕೂರಿಸಿಕೊಂಡು ಇಕ್ಕಟ್ಟಿನ ಸೇತುವೆಯ ಮೇಲೆ ಲಾರಿಗೆ ಅಡ್ಡ ನಿಲ್ಲಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಮೇಸ್ತ್ರಿ ನೆಲ ನೋಡುತ್ತ, ‘ತಕ್ಷಣ ನಿಲ್ಲಿಸಬೇಕಿತ್ತು, ಅಕ್ಕ,’ ಅಂದ.

‘ಅದೊಂದೇ ಮಾತು ಸಾಹುಕಾರ,’ ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡ. ‘ಸುಳ್ಳು ಅಂತ ಯಾರೂ ಹಿಡಿಯೋಕಾಗಲ್ಲ. ದೀಪ ಹತ್ತಿದ್ರೆ ನಿಲ್ಲಿಸ್ಬೇಕು, ನಿಜ ತಾನೆ? ಆ ನಿಜದ ಹಿಂದೆ ಅವಿತುಕೊಂಡುಬಿಟ್ಟೆ.’

ಎಣ್ಣೆಯಿಲ್ಲದೆ ಓಡಿ ಎಂಜಿನ್ ಜಾಮ್ ಆಗಿತ್ತು. ಬಿಚ್ಚಿದಾಗ ಬೇರಿಂಗುಗಳು ಕಚ್ಚಿಕೊಂಡಿದ್ದವು, ಕ್ರ್ಯಾಂಕ್ ದಂಡದ ಮೇಲೆ ಉಗುರಿನಿಂದ ಗೀರಿದಂಥ ಗೆರೆಗಳು, ಎರಡು ಪಿಸ್ಟನ್ ಸವೆದು ಹೋಗಿದ್ದವು. ಅಕ್ಕನ ವರ್ಷದ ದುಡಿಮೆಯೂ ಸಾಲದಷ್ಟು ಖರ್ಚಿನ ಕೆಲಸ. ಮಧ್ಯಾಹ್ನ ಅವನು ಖಾಲಿ ಫಿಲ್ಟರ್ ಡಬ್ಬಿ ಹಿಡಿದು ನನ್ನ ಅಂಗಡಿಗೆ ಬಂದ. ‘ನೀನು ಕೊಟ್ಟ ಮಾಲೇ ಸರಿಯಿಲ್ಲ ಅನ್ಸುತ್ತೆ. ಬೇರೆ ಗಾಡಿದು ಕೊಟ್ಟಿದ್ದೀಯಾ,’ ಅಂದ. ನಾನು ಡಬ್ಬಿ ತಿರುಗಿಸಿ ನಂಬರ್ ಓದಿದೆ. ‘ಇದೇ ಗಾಡಿದು. ಬೇಕಾದ್ರೆ ನೀನೇ ಓದು,’ ಎಂದು ಅವನ ಕಡೆ ಹಿಡಿದೆ. ಅವನು ಡಬ್ಬಿಯನ್ನು ತೋಳುದ್ದ ದೂರ ಹಿಡಿದ, ಹತ್ತಿರ ತಂದ, ಮತ್ತೆ ದೂರ ಹಿಡಿದ. ಅದನ್ನು ಕೌಂಟರ್ ಮೇಲಿಟ್ಟು ಹೊರಟುಹೋದ. ನಾನೂ ಮುಂದೆ ಕೇಳಲಿಲ್ಲ. ನನ್ನ ಮಾಲಿಗೆ ಕೆಟ್ಟ ಹೆಸರು ಬರಲಿಲ್ಲವಲ್ಲ ಅಂತ ನನಗೆ ಸಮಾಧಾನ, ಅಷ್ಟೇ.

‘ಕೆಂಪು ದೀಪ ಹತ್ತಿದ್ರೂ ಓಡಿಸಿದ್ಳಂತೆ’ ಎಂಬ ಮಾತು ಎರಡೇ ದಿನದಲ್ಲಿ ಏಳು ಮನೆಗೂ ಮುಟ್ಟಿತು. ಭಾವ, ‘ನಾನು ಮೊದಲೇ ಬಡ್ಕೊಂಡೆ’ ಎಂದು ದಿನಕ್ಕೆ ನಾಲ್ಕು ಸಲ ಹೇಳತೊಡಗಿದರು. ನಾನೂ ಮನೆಯಲ್ಲಿ ಸೊಸೆಗೆ, ‘ಮಗೂನ ಬೇರೆ ವ್ಯಾನಿಗೆ ಹಾಕೋದು ಒಳ್ಳೇದು’ ಎಂದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಮೇಸ್ತ್ರಿ ಎಂಜಿನ್ನನ್ನು ತನ್ನ ಕೈಯಿಂದಲೇ, ಅಕ್ಕನ ಹತ್ತಿರ ಏನೂ ತೆಗೆದುಕೊಳ್ಳದೆ ಕಟ್ಟಿಕೊಡುತ್ತೇನೆಂದು ಕೆಲಸಕ್ಕೆ ಕೂತ. ಅದನ್ನು ಕೇಳಿ ಬೀದಿಯೆಲ್ಲ ಹೊಗಳಿತು. ‘ತಮ್ಮ ಅಂದ್ರೆ ಹೀಗಿರ್ಬೇಕು’ ಎಂದು ಗಿರಾಕಿಗಳು ಅವನ ಮುಖದೆದುರೇ ಅಂದರು. ಮೊದಲಾದರೆ ಅಂಥ ಮಾತಿಗೆ ಎದೆ ಉಬ್ಬಿಸುತ್ತಿದ್ದವನು ಈಗ ಏನೋ ಹುಡುಕುವವನಂತೆ ಪೆಟ್ಟಿಗೆಯೊಳಗೆ ತಲೆ ತೂರಿಸುತ್ತಿದ್ದ.

ಒಂಬತ್ತನೇ ದಿನ ಅಕ್ಕ ಗ್ಯಾರೇಜಿಗೆ ಬಂದಳು. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ಬಿಚ್ಚಿ ಹರಡಿದ್ದ ಎಂಜಿನ್ನನ್ನು ನೋಡಿ, ‘ನಿನ್ನ ಕೈಕೆಲಸಾನ ಹಾಳು ಮಾಡ್ಬಿಟ್ಟೆ ಕಣೋ. ಕ್ಷಮಿಸ್ಬಿಡು,’ ಅಂದಳು. ಗೋಡೆಯ ಈಚೆ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅವಳು ಲೋಟಕ್ಕೆ ಕಾಫಿ ಬಗ್ಗಿಸಿ ಕೊಟ್ಟಳಂತೆ. ಅವನಿಗೆ ಅದನ್ನು ಕುಡಿಯಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ, ಲೋಟ ಹಿಡಿದುಕೊಂಡೇ ನಿಂತಿದ್ದನಂತೆ.

ಮರುದಿನ ಸಂಜೆ ಮಕ್ಕಳ ಮನೆಯವರೆಲ್ಲ ಅಕ್ಕನ ಮನೆಯಲ್ಲಿ ಸೇರಿದೆವು. ವ್ಯಾನು ಸರಿಯಾದ ಮೇಲೆ ಮಕ್ಕಳನ್ನು ಕಳಿಸುವುದೋ ಬೇಡವೋ ಎಂದು ಮಾತಾಡಲು. ಹಾಲ್ ಚಿಕ್ಕದು. ಭಾವ ದಿಂಬಿಗೊರಗಿ ಮಲಗಿದ್ದರು, ನಾವು ಮಂಚದ ಅಂಚಿನಲ್ಲಿ, ಕುರ್ಚಿಗಳಲ್ಲಿ, ಹೊಸ್ತಿಲಲ್ಲಿ ಕೂತೆವು. ಗಾಡಿಯ ವಿಷಯ ತಿಳಿದವನೆಂದು ಮೇಸ್ತ್ರಿಯನ್ನೂ ಕರೆಸಿದ್ದರು. ಅವನು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತಂದೆ ನೇರವಾಗಿ ಕೇಳಿದರು. ‘ನೋಡಿ, ನಮಗೆ ಯಾರ ಮೇಲೂ ಕೋಪ ಇಲ್ಲ. ಆದರೆ ಮಕ್ಕಳ ವಿಷಯ. ಇನ್ನೊಂದು ಸಲ ಹೀಗಾಗಲ್ಲ ಅಂತ ಏನು ಗ್ಯಾರಂಟಿ?’

ಅಕ್ಕ ಎದ್ದು ನಿಂತಳು. ಶಾಲೆಯಲ್ಲಿ ಮೇಷ್ಟ್ರ ಮುಂದೆ ನಿಂತ ಹುಡುಗಿಯಂತೆ ಕೈ ಕಟ್ಟಿಕೊಂಡಿದ್ದಳು. ‘ತಪ್ಪು ನನ್ನದೇ. ದೀಪ ನೋಡಿಯೂ...’

‘ಅಕ್ಕ, ಕೂತ್ಕೋ,’ ಅಂದ ಮೇಸ್ತ್ರಿ.

‘ಹೇಳಿಬಿಡ್ತೀನಿ ಕಣೋ, ಒಂದ್ಸಲ...’

‘ಕೂತ್ಕೋ ಅಂದೆ.’ ಅವನು ಗೋಡೆ ಬಿಟ್ಟು ಮುಂದೆ ಬಂದ. ‘ಅವಳ ತಪ್ಪಿಲ್ಲ. ನನ್ನದು. ಹಳೇ ಫಿಲ್ಟರಿನ ರಬ್ಬರ್ ಎಂಜಿನ್ನಿಗೆ ಅಂಟ್ಕೊಂಡಿತ್ತು. ನಾನು ನೋಡಲಿಲ್ಲ. ಅದರ ಮೇಲೇ ಹೊಸದು ಹಾಕಿದೆ. ಎಣ್ಣೆ ಎಲ್ಲ ಸೋರಿ ಹೋಗಿದ್ದು ಅದಕ್ಕೇ. ಅವಳು ಮಕ್ಕಳನ್ನ ಉಳಿಸಿದ್ಳು. ನನಗೆ ಆ ದಿನವೇ ಗೊತ್ತಿತ್ತು.’

ಬ್ಯಾಂಕಿನವರು ‘ಆ ದಿನವೇ ಅಂದ್ರೆ?’ ಅಂದರು.

‘ಸೇತುವೆ ಹತ್ತಿರವೇ. ಗಾಡಿ ಕೆಳಗೆ ಮಲಗಿದ್ದಾಗಲೇ. ನನಗೆ ಹತ್ತಿರದ್ದು ಸರಿಯಾಗಿ ಕಾಣಿಸಲ್ಲ. ಅದನ್ನೂ ಮುಚ್ಚಿಟ್ಟಿದ್ದೆ.’

ಭಾವ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಹತ್ತು ದಿನ ಅವರು ಆಡಿದ್ದ ಮಾತುಗಳೆಲ್ಲ ಆ ಕೋಣೆಯಲ್ಲೇ ಇದ್ದವಲ್ಲ. ನಾನೂ ನನ್ನ ಚಪ್ಪಲಿ ನೋಡಿಕೊಂಡೆ. ಅಕ್ಕ ಮಾತ್ರ ತಮ್ಮನನ್ನೇ ನೋಡುತ್ತಿದ್ದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

‘ಗಾಡಿ ಕೆಟ್ಟಿದ್ದು ಇರಲಿ ಕಣೋ,’ ಅಂದಳು ನಿಧಾನವಾಗಿ. ‘ಕೈ ತಪ್ಪುತ್ತೆ, ಯಾರಿಗಾದ್ರೂ. ಹತ್ತು ದಿನ ನನ್ನನ್ನ ನಾನೇ ಬೈಕೊಂಡೆ. ನಿನ್ನ ಹತ್ರ ಬಂದು ಕ್ಷಮಿಸು ಅಂತ ಕೇಳಿದೆ. ನೀನು ಲೋಟ ಹಿಡ್ಕೊಂಡು ನಿಂತಿದ್ದೆ.’ ಆಮೇಲೆ ನಮ್ಮ ಕಡೆ ತಿರುಗಿ, ‘ನೀವೆಲ್ಲ ಇನ್ನು ಹೊರಡಿ. ಮಕ್ಕಳನ್ನ ಕಳಿಸೋದು ಬಿಡೋದು ನಿಮಗೆ ಬಿಟ್ಟಿದ್ದು,’ ಅಂದಳು.

ಐದು ಮನೆಯವರು ಅಲ್ಲೇ ಒಪ್ಪಿದರು. ಎರಡು ಮನೆಯವರು ಆಗಲೇ ಬೇರೆ ವ್ಯಾನಿಗೆ ಮುಂಗಡ ಕೊಟ್ಟಾಗಿತ್ತು, ಮುಜುಗರಪಡುತ್ತ ಎದ್ದುಹೋದರು.

ಮರುದಿನ ಮೇಸ್ತ್ರಿ ಅಂಗಡಿಗೆ ಬಂದು, ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ನನಗೆ ಹೇಳಿದ. ‘ನಿನ್ನ ಮಾಲಿನ ಮೇಲೂ ಹಾಕೋಕೆ ಬಂದಿದ್ದೆ, ನೆನಪಿದೆಯಾ?’ ಅಂದ. ನೆನಪಿದೆ ಅಂದೆ. ಆ ವಾರವೇ ಕನ್ನಡಕ ಮಾಡಿಸಿಕೊಂಡ. ಮೊದಲ ದಿನ ಅದನ್ನು ಹಾಕಿಕೊಂಡು ತನ್ನ ಕೆಲಸದ ಬೆಂಚು ನೋಡಿ, ‘ಇಷ್ಟು ಕೊಳೆಯಲ್ಲಿ ಕೆಲಸ ಮಾಡ್ತಿದ್ನಾ? ಯಾರೂ ಹೇಳ್ಲಿಲ್ಲವಲ್ಲೋ,’ ಅಂದ. ನಾನು ನಕ್ಕೆ. ಅವನು ನಗಲಿಲ್ಲ. ವಿಷಯ ಹರಡಿದ ಮೇಲೆ ಹಳೇ ಗಿರಾಕಿಗಳಲ್ಲಿ ಕೆಲವರು ಬರುವುದು ನಿಂತಿತು. ಬೇರೆ ಮೆಕ್ಯಾನಿಕ್‌ಗಳ ಬಗ್ಗೆ ಅವನ ಬಾಯಿಯಿಂದ ಆಮೇಲೆ ನಾನು ಒಂದು ಕುಹಕವನ್ನೂ ಕೇಳಿಲ್ಲ.

ಎಂಜಿನ್ ಕಟ್ಟುವಷ್ಟು ದಿನವೂ ಅಕ್ಕ ಮಧ್ಯಾಹ್ನ ಬಂದು ಮರದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ‘ಇದೇನು? ಇದು ಯಾಕೆ? ಇದು ಸಡಿಲ ಆದ್ರೆ ಏನಾಗುತ್ತೆ?’ ಎಂದು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಬೇರೆ ಮಾತಿಲ್ಲ. ಕೊನೆಗೆ ಎಂಜಿನ್ ಶುರುವಾದ ದಿನ ಅವಳು ಕಿವಿಗೊಟ್ಟು ಸ್ವಲ್ಪ ಹೊತ್ತು ಕೇಳಿದಳು, ಆಮೇಲೆ ಬಗ್ಗಿ ಕೆಳಗೆ ನೋಡಿದಳು, ಮತ್ತೆ ಕೇಳಿದಳು. ಐದು ಮಕ್ಕಳೊಂದಿಗೆ ಸೋಮವಾರದಿಂದ ವ್ಯಾನು ಓಡಿತು. ನನ್ನ ಮೊಮ್ಮಗಳೂ ಹೋದಳು.

ನಾನು ಸೊಸೆಗೆ ಹೇಳಿದ್ದ ಮಾತನ್ನು ಒಪ್ಪಿಕೊಳ್ಳಲು ಅಕ್ಕನ ಹತ್ತಿರ ಹೋದೆ. ‘ನೀವು ಗೊತ್ತಿಲ್ಲದೆ ಹೇಳಿದ್ರಿ,’ ಎಂದಷ್ಟೇ ಅಂದಳು. ಆ ಮಾತಿನ ಇನ್ನರ್ಧ ಯಾರಿಗೆ ಅಂತ ಇಬ್ಬರಿಗೂ ಗೊತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಮತ್ತೆ ಎಣ್ಣೆ ಬದಲಿಸುವ ದಿನ ಬಂತು. ಬೇರೆಲ್ಲಾದರೂ ಹೋಗುತ್ತಾಳೆ ಎಂದುಕೊಂಡಿದ್ದೆವು. ಅವಳು ಗ್ಯಾರೇಜಿಗೇ ಬಂದಳು. ಆದರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಕೆಳಗೆ ಇಳಿದಳು. ಮೇಸ್ತ್ರಿ ಪಕ್ಕದಲ್ಲಿ ಬಗ್ಗಿ ಟಾರ್ಚ್ ಹಿಡಿದ. ‘ಈ ಕಡೆ ಹಿಡಿ... ಇನ್ನೂ ಮೇಲೆ...’ ಎಂದು ಅವಳ ದನಿ ಬರುತ್ತಿತ್ತು. ಮುಕ್ಕಾಲು ಗಂಟೆ ಹಿಡಿಯಿತು. ಅವನು ಒಮ್ಮೆಯೂ ಅವಸರ ಮಾಡಲಿಲ್ಲ.

ಮೇಲೆ ಬಂದು ಕೈ ಒರೆಸಿಕೊಳ್ಳುತ್ತಿದ್ದ ಅಕ್ಕನಿಗೆ, ‘ಕಾಫಿ ತರಿಸ್ಲಾ?’ ಅಂದ.

‘ಮಕ್ಕಳು ಕಾಯ್ತಿರ್ತವೆ,’ ಎಂದು ಗಾಡಿ ಹತ್ತಿದಳು. ಸಿಟ್ಟಿನಿಂದ ಹೇಳಿದ್ದಲ್ಲ. ಶಾಲೆ ಬಿಡುವ ಹೊತ್ತು ನಿಜಕ್ಕೂ ಆಗುತ್ತಿತ್ತು. ವ್ಯಾನು ಬೀದಿಯ ತಿರುವು ದಾಟುವವರೆಗೆ ಮೇಸ್ತ್ರಿ ಗೇಟಿನ ಹತ್ತಿರ ನಿಂತಿದ್ದ. ಆಮೇಲೆ ಒಳಗೆ ಹೋಗಿ, ಅವಳು ಬಿಟ್ಟುಹೋಗಿದ್ದ ಎಣ್ಣೆಬಟ್ಟೆಯನ್ನು ಮಡಚಿಟ್ಟ.