ಮೈನ್ ಆರಿಸುವ ಮುನ್ನ

ಬೂದಿಕೋಟೆ ಕಡೆಯ ಒಂದು ಹಾಲಿನ ಡೈರಿಗೆ ಬರೆದುಕೊಟ್ಟ ಪುಟ್ಟ ಸ್ಕ್ರಿಪ್ಟಿಗೆ ನನಗೆ ತಗಲಿದ ಖರ್ಚು ಬಸ್ ಚಾರ್ಜು ಮತ್ತು ಎರಡು ಭಾನುವಾರ ತಪ್ಪಿಹೋದ ಮನೆಯ ಬಿರಿಯಾನಿ. ಒಂದೇ ಭಾನುವಾರದಲ್ಲಿ ಮುಗಿಯಬೇಕಿತ್ತು. ಕೇಳಬೇಕಾದ್ದನ್ನು ಮೊದಲೇ ಕೇಳಲಿಲ್ಲ, ಎರಡಾಯಿತು.

ನಾನು ಕೆಜಿಎಫ್‌ನವನು. ಹಳೆಯ ಕಂಪ್ಯೂಟರುಗಳನ್ನು ಚೌಕಾಸಿ ಮಾಡಿ ಕೊಂಡು, ಬಿಚ್ಚಿ ಜೋಡಿಸಿ ಕೆಲಸ ಕಲಿತವನು. ಅಂಗಡಿ ಬಂಗಾರಪೇಟೆಯಲ್ಲಿ, ಓಡಾಟ ಮಾರಿಕುಪ್ಪಂ ರೈಲಿನಲ್ಲಿ. ಆ ಡೈರಿಯ ಕಾರ್ಯದರ್ಶಿ ಹೆಣ್ಣುಮಗಳು ಅಂಗಡಿಗೇ ಹುಡುಕಿಕೊಂಡು ಬಂದಿದ್ದರು. ಅವರ ಹಾಲಿನ ಫ್ಯಾಟ್ ಅಳೆಯುವ ಯಂತ್ರ ಹಳೆಯ ವಿಂಡೋಸ್ ಎಕ್ಸ್‌ಪಿ ಇರುವ ಮುದಿ ಕಂಪ್ಯೂಟರಿನ ಜೊತೆ ಬಿಟ್ಟರೆ ಬೇರಾವುದರ ಜೊತೆಗೂ ಕೆಲಸ ಮಾಡುವುದಿಲ್ಲ. ಅದರ ಡಿಸ್ಕು ಸಾಯುವ ಹಂತದಲ್ಲಿತ್ತು. ಒಮ್ಮೆ ಒಂದು ಬೆಳಗಿನ ಲೆಕ್ಕವನ್ನೇ ನುಂಗಿತ್ತು. ಈಕೆಯೇ ಅಳಿಸಿದಳೆಂದು ಊರು ಮಾತಾಡಿತ್ತು.

“ಇನ್ನೊಂದ್ಸಲ ಇಂಗಾದ್ರೆ ನನ್ನ ಕಿತ್ತಾಕ್ತಾರೆ ಕಣಣ್ಣ. ಕೆಲ್ಸ ಓದ್ರೆ ಓಗ್ಲಿ, ಕಳ್ಳಿ ಅಂತ ಎಸ್ರು ಉಳ್ಕಂತದೆ.”

ದಿನವೂ ಲೆಕ್ಕವನ್ನು ಪೆನ್‌ಡ್ರೈವಿಗೆ ನಕಲು ಮಾಡಿದರೆ ಸಾಕಿತ್ತು. ಯಾವ ಭಾಷೆಯಲ್ಲಿ ಬರೆಯುವುದು? ನನಗೆ ಆಗ ಪೈಥಾನಿನ ಹುಚ್ಚು. ಹೊಸ ಆವೃತ್ತಿ ಎಕ್ಸ್‌ಪಿಯಲ್ಲಿ ಕೂರುವುದಿಲ್ಲ. ಹಳೆಯದು ಕೂರುತ್ತದೆ, ಆದರೆ ಬೀಳುವ ಮನೆಗೆ ಹೊಸ ಬಾಡಿಗೆದಾರನನ್ನು ಯಾರು ಸೇರಿಸುತ್ತಾರೆ? ವಿಂಡೋಸಿಗೇ ಅರ್ಥವಾಗುವ ನಾಲ್ಕು ಸಾಲಿನ ಬ್ಯಾಚ್ ಫೈಲು ಬರೆದು, ಮಧ್ಯಾಹ್ನ ತಾನಾಗಿಯೇ ಓಡುವಂತೆ ಹೊತ್ತು ಗೊತ್ತುಮಾಡಿ ಬಂದೆ.

ಮುಂದಿನ ಭಾನುವಾರ ಹೋಗಿ ನೋಡಿದರೆ ಪೆನ್‌ಡ್ರೈವ್ ಖಾಲಿ.

“ಮದ್ಯಾನ್ನ ಕರೆಂಟೆಲ್ಲಿ ಇರ್ತದಣ್ಣ? ಕ್ಯಾನು ಗಾಡಿ ಅತ್ತಿದ ತಕ್ಷಣ ಮೈನ್ ಆಫ್ ಮಾಡಿ ಬೀಗ ಆಕ್ತೀವಿ. ಮೊದ್ಲಿಂದ್ಲೂ ಅಂಗೇ.”

“ನನಗೆ ಹೇಳ್ಲೇ ಇಲ್ವಲ್ಲಮ್ಮ.”

“ನೀವು ಕೇಳಿದ್ರಾ? ಬಂದೋರು ಮಿಸಿನ್ ಮುಂದೆ ಕೂತ್ರಿ, ಎದ್ದು ಓದ್ರಿ.”

ಸರಿ, ಕೊನೆಯ ಕ್ಯಾನು ಹೋದ ಮೇಲೆ ನೀವೇ ಈ ಫೈಲನ್ನು ಒತ್ತಿ ಅಂದೆ. ಒತ್ತಿದರು. ಕಪ್ಪು ಕಿಟಕಿ ತೆರೆಯಿತು. ನಕಲು ಮುಗಿಯುವ ಮೊದಲೇ ಮುಚ್ಚಿಬಿಟ್ಟರು. “ವೈರಸ್ಸೇನೋ ಅಂದ್ಕಂಡೆ.”

ಅಲ್ಲೇ ಕೂತು ವಿಬಿಸ್ಕ್ರಿಪ್ಟಿಗೆ ಬದಲಾಯಿಸಿದೆ. ಇವತ್ತಿನವರು ಮೂಗು ಮುರಿಯುವ ಭಾಷೆ. ಆದರೆ ಎಕ್ಸ್‌ಪಿಯೊಳಗೇ ಇದೆ, ಹೊರಗಿನಿಂದ ಏನೂ ತರಬೇಕಿಲ್ಲ. ಹಾಲಿನ ಚೀಟಿ ಕನ್ನಡದಲ್ಲೇ ಬರುತ್ತಿದ್ದುದರಿಂದ ಕನ್ನಡ ಅಕ್ಷರವೂ ಅದರಲ್ಲಿತ್ತು. ಕೆಲಸ ಮುಗಿದರೆ ಪರದೆಯ ನಡುವೆ ‘ಲೆಕ್ಕ ಸೇರಿತು, ಮೈನ್ ಆರಿಸಿ’ ಎಂದು ಬರುತ್ತದೆ. ಪೆನ್‌ಡ್ರೈವ್ ಮರೆತರೆ ‘ಮೈನ್ ಮುಟ್ಟಬೇಡಿ’.

ಆಕೆ ಓದಿ ನಕ್ಕರು. “ಥೇಟ್ ನಮ್ಮತ್ತೆ ಏಳ್ದಂಗೇ ಏಳ್ತದೆ.”

ಮಳೆಗಾಲದಲ್ಲಿ ಡಿಸ್ಕು ಸತ್ತೇ ಹೋಯಿತು. ನನ್ನ ಗುಜರಿಯಿಂದ ಇನ್ನೊಂದು ಹಾಕಿ, ಪೆನ್‌ಡ್ರೈವಿನಿಂದ ಲೆಕ್ಕ ತುಂಬಿದೆ. ಆಕೆ ಪರದೆಯನ್ನು ಸಾಲಿನಲ್ಲಿ ನಿಂತವರ ಕಡೆ ತಿರುಗಿಸಿ, “ಬರ್ರಿ, ನಿಮ್ನಿಮ್ದು ನೋಡ್ಕಳಿ” ಅಂದರು. ತಮ್ಮ ಚೀಟಿಗೆ ತಾಳೆ ನೋಡಿದರು, ಹಾಲು ಹಾಕಿ ಹೋದರು. ಇಂದಿಗೂ ಕಾರ್ಯದರ್ಶಿ ಅವರೇ.

‘ನೀವು ಕೇಳಿದ್ರಾ’ ಅಂದದ್ದಕ್ಕೆ ಆಕೆಗೆ ನಾನು ಋಣಿ. ಅಂದಿನಿಂದ ಮೊದಲು ಕೇಳಿ, ಆಮೇಲೆ ಕೂರುತ್ತೇನೆ. ಕಾಮಸಮುದ್ರದ ಕಡೆ ಸಿಕ್ಕ ಕೆಲಸಗಳೆಲ್ಲ ಆ ಮಾತಿನಿಂದ ಕುದುರಿದವು.

ನಿಮ್ಮ ಕೈಗೂ ಮುದಿ ಕಂಪ್ಯೂಟರ್ ಬಂದರೆ, ಅದರೊಳಗೆ ಏನಿದೆಯೆಂದು ಮೊದಲು ನೋಡಿ. ಮನೆಯಲ್ಲಿರುವುದನ್ನು ಸಂತೆಯಲ್ಲಿ ಕೊಳ್ಳಬೇಡಿ. ಬೀಗ ತೆಗೆಯುವ ಹೊತ್ತಿನಿಂದ ಹಾಕುವ ಹೊತ್ತಿನವರೆಗೂ ಅಲ್ಲೇ ಇದ್ದು ನೋಡಿ. ನೀವಿಲ್ಲದಾಗ ಒತ್ತುವವರು ಓದಬಲ್ಲ ಮಾತನ್ನೇ ಪರದೆಗೆ ತನ್ನಿ. ಪೆನ್‌ಡ್ರೈವ್ ಮಾತ್ರ ಜೋಡಿ ಕೊಳ್ಳಿ, ಒಂದು ಮನೆಯಲ್ಲಿರಲಿ. ಎರಡು ಕೊಂಡರೆ ಅಂಗಡಿಯವನು ಬೆಲೆಯಲ್ಲಿ ಸ್ವಲ್ಪ ಬಿಡುತ್ತಾನೆ. ಕೇಳಬೇಕು ಅಷ್ಟೆ.