ನೂರರಲ್ಲಿ ನಾಲ್ಕು ಪಾಲು ದನ

ಆ ಚೀಲವನ್ನು ವಿಲ್ಮಾ ನೇನಿಗೆ ಮಾರಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಕಂಪನಿಯವರನ್ನು ಬೈಯುವಾಗ ‘ನೀನೇನು ಭಾರೀ ಸಾಚಾನಾ’ ಎಂದು ಯಾರೂ ಕೇಳುವುದು ಬೇಡ. ಕಂಪನಿಯ ಹೆಸರು ಮಾತ್ರ ಬರೆಯುವುದಿಲ್ಲ. ಅವರ ವಕೀಲರ ಕಾಗದ ಈಗಾಗಲೇ ಒಂದು ಬಂದಿದೆ, ಇನ್ನೊಂದು ಬಂದರೆ ಅದನ್ನು ಒಲೆಗೆ ಹಾಕಿ ನಾನೇ ಜೈಲಿಗೆ ಹೋಗಬೇಕಾದೀತು.

ನನ್ನದು ಕೊರೊಶ್ ನದಿಯ ಪಕ್ಕದ ಸಣ್ಣ ಊರಿನಲ್ಲಿ ಕಾಳು, ಬೂಸಾ, ಕೋಳಿಮೇವು ಮಾರುವ ಅಂಗಡಿ. ಎದುರು ಮನೆ ವಿಲ್ಮಾ ನೇನಿಯದು. ವಯಸ್ಸಾದ ಹೆಂಗಸರನ್ನು ನಮ್ಮಲ್ಲಿ ನೇನಿ, ಅಂದರೆ ದೊಡ್ಡಮ್ಮ, ಎನ್ನುತ್ತಾರೆ. ಎಪ್ಪತ್ತೊಂದು ವಯಸ್ಸು, ಕುಳ್ಳು ಜೀವ, ಅಂಗೈ ಮಾತ್ರ ಗಾಡಿ ಹೊಡೆಯುವವನ ಅಂಗೈ. ಮದುವೆಯಾಗಿ ನಮ್ಮ ಬೀದಿಗೆ ಬಂದ ವರ್ಷದಿಂದ ಬೀದಿಯ ಅಷ್ಟೂ ಹಂದಿಗಳ ಕರುಳು ತೊಳೆದವಳು ಅವಳು. ಡಿಸೆಂಬರ್ ಬಂತೆಂದರೆ ಫೆಬ್ರವರಿಯವರೆಗೆ ಪ್ರತಿ ಶನಿವಾರ ಯಾರದಾದರೂ ಅಂಗಳದಲ್ಲಿ ಹಂದಿ ಕೊಯ್ಯುತ್ತಾರೆ. ಗಂಡಸರು ಬೆಳಕು ಹರಿಯುವ ಮೊದಲೇ ಪ್ಲಮ್ ಸಾರಾಯಿ ಏರಿಸಿ, ಚೂರಿ ಹಿಡಿದು, ಕೂಗಾಡಿ ಹೆಸರು ಮಾಡಿಕೊಳ್ಳುತ್ತಾರೆ. ಅವರ ಗದ್ದಲ ಮುಗಿದ ಮೇಲೆ ಐಸ್‌ನಂಥ ನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿ, ಕರುಳನ್ನು ಒಳಹೊರಗು ಮಾಡಿ, ಉಪ್ಪು, ಈರುಳ್ಳಿ ಹಾಕಿ ಉಜ್ಜಿ, ವಾಸನೆ ಹೋಗುವವರೆಗೆ ತೊಳೆಯುವವಳು ವಿಲ್ಮಾ ನೇನಿ. ಅವಳು ತೊಳೆಯದಿದ್ದರೆ ಸಾಸೇಜೂ ಇಲ್ಲ, ಹಬ್ಬವೂ ಇಲ್ಲ.

‘ಮಾಂಸ’ ಎಂಬ ಮಾತು ಕೇಳಿದರೆ ಅವಳಿಗೆ ಆಗುತ್ತಿರಲಿಲ್ಲ. ಪಟ್ಟಣದಿಂದ ಬಂದ ಹೊಸ ಸೊಸೆಯೊಬ್ಬಳು ಒಮ್ಮೆ “ಆ ಮಾಂಸ ಸ್ವಲ್ಪ ಇತ್ಲಾಗೆ ಕೊಡಿ” ಎಂದಳು.

“ಯಾವ ಮಾಂಸ? ಹೆಗಲಿಂದಾ, ಕೆನ್ನೇದಾ, ಗಂಟಲಿಂದಾ?” ಎಂದು ನೇನಿ ಎಲ್ಲರೆದುರು ಗದರಿಸಿದಳು. “ಸತ್ತಿದೆ ಅಂತ ಅದಕ್ಕೊಂದು ಹೆಸರೂ ಬೇಡ್ವಾ?”

ಗಂಡ ಹೋದ ಮೇಲೆ ಅವಳ ಮನೆಯಲ್ಲಿ ಉಳಿದದ್ದು ಪಮಾಚ್. ಐದು ವರ್ಷದ ಕಪ್ಪು ಪುಲಿ ನಾಯಿ. ಈ ಜಾತಿಯ ನಾಯಿಗೆ ಕೂದಲು ಜಡೆಜಡೆಯಾಗಿ ನೆಲದವರೆಗೆ ಇಳಿಯುತ್ತದೆ, ಯಾವ ಕಡೆ ಮುಖ ಎಂದು ಅದು ನಡೆದಾಗಲೇ ತಿಳಿಯುವುದು. ಸಂಜೆ ಮೆಟ್ಟಿಲ ಮೇಲೆ ಕೂತು ನೇನಿ ಆ ಜಡೆಗಳನ್ನು ಒಂದೊಂದಾಗಿ ಬೆರಳಿನಿಂದ ಬಿಡಿಸುತ್ತ, ಬೀದಿಯ ಸುದ್ದಿಯನ್ನೆಲ್ಲ ಅವನಿಗೆ ಹೇಳುತ್ತಿದ್ದಳು. ಪಮಾಚನಿಗೆ ಇದ್ದದ್ದು ಒಂದೇ ತೊಂದರೆ, ಕೋಳಿ ಆಗುತ್ತಿರಲಿಲ್ಲ. ಮರಿಯಾಗಿದ್ದಾಗ ಯಾರದೋ ಮದುವೆಯಲ್ಲಿ ಕೋಳಿ ಸಾರು ನೆಕ್ಕಿ ಅವನ ಮುಖ ಊದಿ ಬುರುಡೆಯಾಗಿತ್ತು. ಪಶುವೈದ್ಯ ಬಾರ್ನಾ ಅಂದೇ ಹೇಳಿದ್ದ, “ಇನ್ನು ಇವನ ಹತ್ರ ಕೋಳಿ ಸುಳಿಯೋದೂ ಬೇಡ.” ನೇನಿ ದನದ ಮೂಳೆ ಬೇಯಿಸಿ, ಬಾರ್ಲಿ ಹಾಕಿ, ದಿನವೂ ತಾನೇ ಅಡುಗೆ ಮಾಡಿ ಹಾಕುತ್ತಿದ್ದಳು.

ಹೋದ ನವೆಂಬರಿನಲ್ಲಿ ಅವಳು ಬಾವಿಕಟ್ಟೆಯ ಬಳಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಆ ದೊಡ್ಡ ಪಾತ್ರೆ ಎತ್ತುವುದು ಹೇಗೆ? ನನ್ನ ಅಂಗಡಿಗೆ ಬಂದಳು. ನಾನು ನಾಯಿ ತಿನಿಸಿನ ಚೀಲವೊಂದನ್ನು ತೋರಿಸಿದೆ. ಹಸಿರು ಹುಲ್ಲಿನಲ್ಲಿ ಕೆಂಪು ದನ ನಿಂತ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘ದನದ ಮಾಂಸದೊಂದಿಗೆ’.

“ಕೋಳಿ ಇಲ್ಲ ತಾನೇ ಗಿಟ್ಟಾ?”

“ದನ ನೇನಿ. ಚಿತ್ರ ನೋಡಿ, ಇಷ್ಟು ದೊಡ್ಡ ದನ!” ಎಂದೆ ನಾನು, ತಿರುಗಿಸಿ ಹಿಂಭಾಗ ಓದದೆ. ಹನ್ನೆರಡು ವರ್ಷ ಈ ವ್ಯಾಪಾರ ಮಾಡಿ ಒಂದು ಚೀಲದ ಹಿಂಭಾಗವನ್ನೂ ನಾನು ಓದಿರಲಿಲ್ಲ.

ಮೂರು ವಾರದಲ್ಲಿ ಪಮಾಚನ ಕಿವಿ ಕೆಂಪಾಯಿತು. ಪಂಜ ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡ. ಜಡೆಗಳು ಬುಡಸಮೇತ ಕಳಚಿ ಅಂಗಳದಲ್ಲಿ ಬೀಳತೊಡಗಿದವು, ನೇನಿ ಅವನ್ನು ಆರಿಸಿ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಬಾರ್ನಾ ಬಂದು ನೋಡಿದ. “ಕೋಳಿ ಕೊಟ್ರಾ?” ಇಲ್ಲ. “ಹಾಗಾದ್ರೆ ದನಾನೂ ಆಗ್ತಿಲ್ಲವೇನೋ. ಅಥವಾ ಚೀಲದಲ್ಲಿ ಬೇರೆ ಏನೋ ಇದೆ. ಏನೇನಿದೆ ಅಂತ ಗೊತ್ತಾಗ್ದೆ ನಾನು ಏನ್ನ ನಿಲ್ಲಿಸ್ಲಿ? ಕೇಳಿ ತಿಳ್ಕೊಳಿ ನೇನಿ. ಬೇಗ. ಚರ್ಮ ಕೀವಾಗೋಕೆ ಮುಂಚೆ.”

ಆಗ ಓದಿದೆವು ಹಿಂಭಾಗವನ್ನು. ಇರುವೆ ಸಾಲಿನಂಥ ಅಕ್ಷರ. ‘ಮಾಂಸ ಮತ್ತು ಪ್ರಾಣಿಜನ್ಯ ವಸ್ತುಗಳು (ಅದರಲ್ಲಿ ದನ ನೂರಕ್ಕೆ ನಾಲ್ಕು), ಧಾನ್ಯ, ಎಣ್ಣೆ ಮತ್ತು ಕೊಬ್ಬು, ಖನಿಜ.’ ನಾನು ಓದಿ ಮುಗಿಸುವುದರೊಳಗೆ ನೇನಿಯ ಮುಖ ಬದಲಾಗಿತ್ತು.

“ನೂರರಲ್ಲಿ ನಾಲ್ಕು ದನ. ಉಳಿದದ್ದು ಯಾರು? ಕುದುರೆನಾ? ಕತ್ತೆನಾ? ಪ್ರಾಣಿಜನ್ಯ ಅಂದ್ರೆ ಯಾವ ಪ್ರಾಣೀದು, ಎಲ್ಲೀದು? ಗೊರಸೂ ಪ್ರಾಣಿಜನ್ಯವೇ, ಸಗಣೀನೂ ಪ್ರಾಣಿಜನ್ಯವೇ! ಫೋನ್ ಹಚ್ಚು.”

ಹಚ್ಚಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಜೇನಿನಂಥ ದನಿ.

“ನಮ್ಮ ಉತ್ಪನ್ನದಲ್ಲಿ ಉತ್ಕೃಷ್ಟ ಪದಾರ್ಥಗಳನ್ನೇ ಬಳಸ್ತೀವಿ ಮೇಡಂ.”

“ಉತ್ಕೃಷ್ಟ ಯಾವ ಪ್ರಾಣಿ ಮಗಳೇ? ನಮ್ಮ ಕಡೆ ಆ ಹೆಸರಿನ ಪ್ರಾಣಿ ಇಲ್ಲ.”

“ಮೇಡಂ, ಪಾಕವಿಧಾನ ಕಂಪನಿಯ ಗುಟ್ಟು.”

“ನಿನ್ನ ಪಾಕ ನಂಗೆ ಬೇಡ. ನಾನೇನು ಅದನ್ನ ಮನೇಲಿ ಬೇಯಿಸ್ತೀನಾ? ಕೋಳಿ ಇದೆಯಾ, ಇಲ್ವಾ? ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಎರಡೇ.”

“ನಿಮ್ಮ ವಿಳಾಸ ಹೇಳಿ ಮೇಡಂ, ನಮ್ಮವರು ನಿಮ್ಮನ್ನ ಸಂಪರ್ಕಿಸ್ತಾರೆ.”

ಸಂಪರ್ಕಿಸಿದ್ದು ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಎರಡು ಚೀಲ, ಒಂದು ರಬ್ಬರ್ ಚೆಂಡು, ಒಂದು ಪತ್ರ. ಚೀಲದ ಮೇಲೆ ಈ ಸಲ ಬಿಳಿ ಕುರಿ, ‘ಸೂಕ್ಷ್ಮ ದೇಹದ ನಾಯಿಗಳಿಗೆ’. ಪತ್ರದಲ್ಲಿ ‘ನಿಮ್ಮ ಪುಟ್ಟ ಗೆಳೆಯನಿಗೆ ನಮ್ಮ ಪ್ರೀತಿಯ ಕಾಣಿಕೆ’. ಕೇಳಿದ ಪ್ರಶ್ನೆಗೆ ಒಂದಕ್ಷರ ಉತ್ತರವಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. “ಮೂಗಿಗೆ ತುಪ್ಪ ಸವರ್ತಿದ್ದಾರೆ ನೇನಿ, ವಾಪಸ್ ಕಳಿಸಿ” ಎಂದೆ. ಅವಳು ನನ್ನ ಮೇಲೇ ಹರಿಹಾಯ್ದಳು.

“ನಿನ್ನ ತಾಯಿ ನಿಂಗೆ ಇದನ್ನೇ ಕಲಿಸಿದ್ದಾ? ಮನೆ ಬಾಗಿಲಿಗೆ ಬಂದದ್ದನ್ನ ವಾಪಸ್ ಕಳಿಸೋದು?”

ಅವಳು ಅದನ್ನು ರುಚಿತಟ್ಟೆ ಎಂದುಕೊಂಡಿದ್ದಳು. ನಮ್ಮಲ್ಲಿ ಹಂದಿ ಕೊಯ್ದ ಸಂಜೆ ಪ್ರತಿ ನೆರೆಮನೆಗೂ ಒಂದು ತಟ್ಟೆ ಹೋಗುತ್ತದೆ: ಒಂದು ಮಾರು ಸಾಸೇಜ್, ಅಕ್ಕಿ ಮತ್ತು ಲಿವರ್ ತುಂಬಿದ ದಪ್ಪ ಕರುಳು, ಹುರಿದ ಕೊಬ್ಬಿನ ಚೂರು. ಜಗಳವಾಡಿದ ಮನೆಗೂ ಹೋಗುತ್ತದೆ, ಜಗಳ ಮುಗಿಸುವುದೇ ಹಾಗೆ. ಬಂದ ತಟ್ಟೆಯನ್ನು ಅನುಮಾನಿಸುವಂತಿಲ್ಲ, ಖಾಲಿ ಹಿಂದಿರುಗಿಸುವಂತಿಲ್ಲ. ಕಂಪನಿಯ ಮಾರಾಟ ವಿಭಾಗದಲ್ಲಿ ಯಾವನೋ ಗುಂಡಿ ಒತ್ತಿ ಕಳಿಸಿದ ಪೆಟ್ಟಿಗೆಯನ್ನು ಈ ಹೆಂಗಸು ತಲೆ ಬಾಗಿಸಿ ಒಳಗೆ ತೆಗೆದುಕೊಂಡಳು. ಬಾರ್ನಾ ಕೂಡ ಚೀಲ ನೋಡಿ, “ಕುರಿ ಇವನು ತಿಂದೇ ಇಲ್ಲ, ಹಾಗಾಗಿ ಒಳ್ಳೇದು. ಆದ್ರೆ ಕುರಿ ಬಿಟ್ಟು ಇನ್ನೇನಿದೆ ಅಂತ ಕೇಳಿ. ಚೀಲದ ಮೇಲೆ ಬರೆದದ್ದನ್ನಷ್ಟೇ ನಾನೂ ಓದೋದು” ಎಂದ. ಅಂದಿನಿಂದ ಪಮಾಚನಿಗೆ ಕುರಿ ಚೀಲದ್ದೇ ಊಟ.

ಮುಂದಿನ ಶನಿವಾರ ಪಕ್ಕದ ಅಂಗಳದಲ್ಲಿ ಹಂದಿ ಕೊಯ್ದರು. ಪ್ಲಾಸ್ಟರ್ ಬಿಚ್ಚಿ ನಾಲ್ಕು ದಿನವಾಗಿತ್ತಷ್ಟೆ, ನೇನಿ ಅದೇ ಕೈಯಲ್ಲಿ ಕರುಳು ತೊಳೆದು ತನ್ನ ಪಾಲು ತಂದಳು. ತಟ್ಟೆ ತುಂಬಿ, ಬಿಳಿ ಬಟ್ಟೆ ಮುಚ್ಚಿ, ಮೇಲೊಂದು ಕಾಗದ ಇಟ್ಟಳು. ಹೇಳಿ ಬರೆಸಿದ್ದು ನನ್ನ ಕೈಯಲ್ಲೇ. ‘ಹಂದಿ ಹೆಣ್ಣು, ಹದಿನಾಲ್ಕು ತಿಂಗಳು. ತಿಂದದ್ದು ಜೋಳ, ಬಾರ್ಲಿ, ಕುಂಬಳ. ಸಾಸೇಜಿಗೆ ಹೆಗಲು ಮತ್ತು ತೊಡೆ. ಕೆಂಪು ಮೆಣಸಿನ ಪುಡಿ ನನ್ನದೇ ಹಿತ್ತಲಿನದು. ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಬೇರೇನೂ ಇಲ್ಲ. ಕರುಳು ತೊಳೆದವಳು ನಾನು. ಈಗ ನಿಮ್ಮದನ್ನು ಬರೆಯಿರಿ.’

ನನ್ನ ವ್ಯಾನಿನಲ್ಲಿ ನಲವತ್ತು ಕಿಲೋಮೀಟರು ಹೋದೆವು. ಪಮಾಚ್ ಅವಳ ತೊಡೆಯ ಮೇಲೆ. ಕಾರ್ಖಾನೆಯ ಗೇಟಿನೊಳಗೆ ಬಿಡಲಿಲ್ಲ. ಅರ್ಧ ಗಂಟೆ ಬಿಟ್ಟು ಮ್ಯಾನೇಜರೇ ಹೊರಗೆ ಬಂದ, ನುಣ್ಣಗೆ ಬೋಳಿಸಿದ ಕೆನ್ನೆಯ ಮನುಷ್ಯ. “ನಿಮ್ಮ ಕೈಗೆ ಮುತ್ತು ನೇನಿ” ಎಂದು ಹಿರಿಯರಿಗೆ ಹೇಳುವ ರೂಢಿಯ ವಂದನೆ ಹೇಳಿ ಬಗ್ಗಿದ. ಬಟ್ಟೆ ಎತ್ತಿ ಮೂಸಿ, “ಆಹಾ, ನಮ್ಮಜ್ಜಿ ಮನೆ ನೆನಪಾಯ್ತು” ಎಂದ. ಕಾಗದದ ಕಡೆ ನೋಡಲೂ ಇಲ್ಲ.

“ಕುರಿ ಚೀಲದಲ್ಲಿ ಕೋಳಿ ಇದೆಯಾ ಸ್ವಾಮಿ? ನೋಡಿ ಇವನ ಗತಿ.”

ಅವನು ಪಮಾಚನನ್ನು ನೋಡಿದ. ಅರ್ಧ ಮೈ ಬೋಳು, ಉಳಿದರ್ಧ ಹುಣ್ಣು. ನಕ್ಕ. “ಕುರಿ ನೇನಿ! ಚೀಲದ ಮೇಲೆ ಚಿತ್ರ ಹಾಕಿದ್ದೀವಲ್ಲ, ನೋಡ್ಲಿಲ್ವಾ?”

ನಾನು ನಾಲಿಗೆ ಕಚ್ಚಿಕೊಂಡೆ. ಅದು ನನ್ನದೇ ಮಾತು. ಆದರೆ ನಾನು ಗೊತ್ತಿಲ್ಲದೆ ಹೇಳಿದ್ದೆ. ಇವನಿಗೆ ಗೊತ್ತಿತ್ತು. ಚೀಲದಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಬರೆದು ಕಳಿಸುತ್ತೇವೆ ಎಂದು ಮಾತು ಕೊಟ್ಟು, ತಟ್ಟೆಸಮೇತ ಒಳಗೆ ಹೋದ.

ಪಟ್ಟಿ ಬರಲಿಲ್ಲ. ಒಂದು ವಾರ, ಹತ್ತು ದಿನ. “ಬರುತ್ತೆ ಕಣೇ, ತಟ್ಟೆ ತಗೊಂಡಿದ್ದಾನಲ್ಲ” ಎನ್ನುತ್ತಿದ್ದಳು ನೇನಿ. ನನಗೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿದ್ದ ಆ ಕಂಪನಿಯ ಚೀಲಗಳನ್ನೆಲ್ಲ ಇಳಿಸಿ, ಬಾಗಿಲಿಗೆ ಒಂದು ರಟ್ಟು ತೂಗುಹಾಕಿದೆ: ‘ಇದರಲ್ಲಿ ಏನಿದೆ ಎಂದು ಮಾಡಿದವರು ಹೇಳುತ್ತಿಲ್ಲ, ಆದ್ದರಿಂದ ನಾನು ಮಾರುತ್ತಿಲ್ಲ.’ ಬರೆದದ್ದರಲ್ಲಿ ಸುಳ್ಳು ಒಂದಕ್ಷರವಿಲ್ಲ. ವಕೀಲರ ಕಾಗದ ನಾಲ್ಕೇ ದಿನದಲ್ಲಿ ಬಂತು. ಉತ್ತರ ಬರೆಯಲು ಕೈ ಬಾರದ ಕಂಪನಿಗೆ ಬೆದರಿಕೆ ಬರೆಯಲು ಎಂಥ ಚುರುಕು!

ಅದೇ ವಾರ ನೇನಿಯ ಬಾಗಿಲಿಗೆ ಆಹಾರ ತಪಾಸಣೆಯವರು ಬಂದರು. ಬಂದದ್ದು ಆಗೊತಾ ಎಂಬ ಹುಡುಗಿ, ಮೂವತ್ತೂ ಆಗಿರಲಿಕ್ಕಿಲ್ಲ, ಬಗಲಲ್ಲಿ ಐಸ್ ಪೆಟ್ಟಿಗೆ. ದೂರು ಬಂದಿದೆಯಂತೆ: ಈ ವಿಳಾಸದಿಂದ ಒಂದು ಸಂಸ್ಥೆಗೆ ಪರವಾನಗಿಯಿಲ್ಲದೆ, ಪದಾರ್ಥಗಳ ವಿವರವಿಲ್ಲದೆ ಮಾಂಸದ ತಿನಿಸು ವಿತರಿಸಲಾಗಿದೆ. ವಿವರವಿಲ್ಲದೆ! ಆ ಕಾಗದ ಬರೆದದ್ದು ಇದೇ ನನ್ನ ಕೈ. ತಟ್ಟೆ ನೆಕ್ಕಿ, ಕಾಗದ ಹರಿದು, ದೂರು ಕೊಟ್ಟಿದ್ದರು. ಇಂಥ ಜನಕ್ಕೆ ಏನೆಂದು ಬೈಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಿರುವ ಬೈಗುಳವೆಲ್ಲ ಕಡಿಮೆಯಾಯಿತು.

ನೇನಿ ಕೂಗಾಡಲಿಲ್ಲ. ಹುಡುಗಿಯನ್ನು ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ಪ್ರಶ್ನೆಗಳು ಶುರುವಾದವು. ಯಾವ ಪ್ರಾಣಿ? ಯಾವ ಭಾಗ? ವಯಸ್ಸೆಷ್ಟು? ಏನು ತಿಂದಿತ್ತು? ಯಾರು ಕೊಯ್ದರು, ಯಾವ ನೀರಲ್ಲಿ ತೊಳೆದಿರಿ, ಎಷ್ಟು ಹೊತ್ತು ಬೇಯಿಸಿದಿರಿ? ನೇನಿ ತಡವರಿಸದೆ ಎಲ್ಲದಕ್ಕೂ ಉತ್ತರ ಹೇಳಿದಳು. ಹಂದಿಯ ತಾಯಿ ಯಾರ ಮನೆಯದು ಎಂಬುದನ್ನೂ ಹೇಳಿದಳು.

“ಮುಗೀತಾ ಮಗಳೇ?” ಎಂದಳು ಕೊನೆಗೆ. “ಹದಿನೆಂಟು ಕೇಳ್ದೆ. ನಾನು ಎಣಿಸ್ತಿದ್ದೆ. ಇದೇ ಪೆನ್ನು ತಗೊಂಡು ಅಲ್ಲಿಗೆ ಹೋಗು, ಅವರನ್ನ ಒಂದೇ ಒಂದು ಕೇಳು. ಆ ಚೀಲದಲ್ಲಿ ಏನಿದೆ?”

“ದೂರು ಇಲ್ದೆ ಕೇಳೋ ಹಾಗಿಲ್ಲ ನೇನಿ.”

“ಹಾಗಾದ್ರೆ ಬರಿ. ದೂರು ಕೊಡ್ತಿರೋದು ನಾನು.”

ಆಗೊತಾ ಒಳ್ಳೆಯವಳು. ಬಾಗಿಲಲ್ಲಿ ಮಲಗಿದ್ದ ಪಮಾಚನನ್ನು ದಾಟಿ ಹೋಗುವಾಗ ಅವಳ ಕಣ್ಣು ತುಂಬಿತ್ತು. ಕುರಿ ಚೀಲದಿಂದ ಎರಡು ಹಿಡಿ ಕಾಳು ಐಸ್ ಪೆಟ್ಟಿಗೆಗೆ ಹಾಕಿಕೊಂಡು, ಪರೀಕ್ಷೆಗೆ ಕಳಿಸುತ್ತೇನೆ ಎಂದಳು. ಫಲಿತಾಂಶಕ್ಕೆ ಐದು ವಾರವಂತೆ.

ಪಮಾಚನಿಗೆ ಐದು ವಾರ ಇರಲಿಲ್ಲ. ಬಾರ್ನಾ ಸೂಜಿ ಚುಚ್ಚಿದ, ಮುಲಾಮು ಕೊಟ್ಟ, ಹುಣ್ಣು ಕೀವಾಗಿ ರಕ್ತಕ್ಕೆ ಇಳಿಯಿತು. ಫೆಬ್ರವರಿ ಹನ್ನೊಂದರ ಬೆಳಗ್ಗೆ ನೇನಿಯ ಅಡುಗೆಮನೆಯ ಒಲೆಯ ಪಕ್ಕ ಸತ್ತ. ಹಿತ್ತಲಿನ ನೆಲ ಹೆಪ್ಪುಗಟ್ಟಿತ್ತು, ಬಾರ್ನಾ ಮತ್ತು ನಾನು ಹಾರೆಯಿಂದ ಒಡೆದು ಅಗೆದೆವು.

ಮಾರ್ಚಿನಲ್ಲಿ ನೇನಿ ಎರಡು ಲಕೋಟೆ ಹಿಡಿದು ಅಂಗಡಿಗೆ ಬಂದಳು. ಎರಡೂ ಒಂದೇ ಕಚೇರಿಯಿಂದ ಒಂದೇ ದಿನ ಬಂದಿದ್ದವು. ಕನ್ನಡಕ ತಂದಿಲ್ಲ, ಓದು ಎಂದಳು. ಮೊದಲನೆಯದು ಅವಳಿಗೆ ಎಚ್ಚರಿಕೆ: ಮನೆಯಲ್ಲಿ ಮಾಡಿದ ಮಾಂಸದ ತಿನಿಸನ್ನು ಇನ್ನು ಮುಂದೆ ಯಾವ ಸಂಸ್ಥೆಗೂ ಕೊಡತಕ್ಕದ್ದಲ್ಲ. ಎರಡನೆಯದು ಪರೀಕ್ಷೆಯ ಫಲಿತಾಂಶ. ಕುರಿ, ನೂರಕ್ಕೆ ನಾಲ್ಕು. ಉಳಿದ ಮಾಂಸವೆಲ್ಲ ಕೋಳಿ. ಕೋಳಿಯ ಬೆನ್ನೆಲುಬು, ಕಾಲು, ತಲೆ, ಚರ್ಮ. ‘ನೂರಕ್ಕೆ ನಾಲ್ಕು ಇದ್ದರೆ ಆ ಪ್ರಾಣಿಯ ಹೆಸರು ಹಾಕಬಹುದಾದ್ದರಿಂದ ಚೀಲದ ಮೇಲಿನ ಬರಹ ನಿಯಮಕ್ಕೆ ಅನುಗುಣವಾಗಿದೆ. ಕ್ರಮದ ಅಗತ್ಯವಿಲ್ಲ. ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.’

ನಾನು ಕಾಗದ ಕೆಳಗಿಟ್ಟು ಅತ್ತೆ. ಕಂಪನಿಯ ಸಂತಾನವನ್ನೆಲ್ಲ ಹೆಸರಿಟ್ಟು ಬೈದೆ, ಕಚೇರಿಯವರನ್ನು ಬೈದೆ, ಆ ನುಣ್ಣನೆ ಕೆನ್ನೆಯವನ ಬಾಯಿಗೆ ಆ ಚೀಲವನ್ನೇ ಸುರಿಯಬೇಕು ಎಂದೆ. ಮೊದಲ ಚೀಲ ಕೊಟ್ಟವಳು ನಾನು, ನನ್ನನ್ನೂ ಬೈಯಿರಿ ಎಂದೆ. ನೇನಿ ಜೋಳದ ಮೂಟೆಯ ಮೇಲೆ ಕೂತಿದ್ದಳು. ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲುಮುಖವಾಗಿ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದಳು.

“ಪಮಾಚನಿಗೆ ಗೊತ್ತಿತ್ತು ಗಿಟ್ಟಾ,” ಎಂದಳು. “ಕೊನೇ ಮೂರು ದಿನ ಬಾಯಿ ಬಿಗಿಯಾಗಿ ಮುಚ್ಕೊಂಡಿದ್ದ. ಮುಖ ಆ ಕಡೆ ತಿರುಗಿಸ್ತಿದ್ದ. ನಾನೇ ದವಡೆ ಬಿಡಿಸಿ ಈ ಕೈಯಲ್ಲೇ ತುರುಕ್ದೆ. ತಿನ್ನೋ ಮುಂಡೇದೇ, ಒಳ್ಳೇ ಜನ ಕಳಿಸಿದ್ದು ಅಂತ ಬೈದು ತುರುಕ್ದೆ.”